ಯಾರನ್ನು ಕರೆದರು, ಯಾರನ್ನು ಬಿಟ್ಟರು: ಕಡ್ಡಾಯ ಸೇನಾ ಸೇವೆಯ ಚರಿತ್ರೆ

ಒಂದು ಸರ್ಕಾರ ತನ್ನ ಯುವಕರನ್ನೆಲ್ಲ ಸೈನ್ಯಕ್ಕೆ ಕರೆಯಲು ಹೊರಟಿದೆ ಎಂದಿಟ್ಟುಕೊಳ್ಳಿ. ಬಂದೂಕು, ಬೂಟು, ಬ್ಯಾರಕ್ಕು ಎಲ್ಲ ಆಮೇಲಿನ ಮಾತು. ಮೊದಲು ಅದಕ್ಕೆ ಬೇಕಾದ್ದು ಹುಟ್ಟಿದ ತಾರೀಖು. ಯಾವ ಊರಿನ ಯಾವ ಮನೆಯಲ್ಲಿ ಯಾವ ವರ್ಷ ಗಂಡು ಮಗು ಹುಟ್ಟಿತು, ಅದು ಬದುಕಿ ಉಳಿಯಿತೇ, ಈಗ ಎಲ್ಲಿದೆ, ಮದುವೆಯಾಗಿದೆಯೇ? ಇಷ್ಟು ಗೊತ್ತಿಲ್ಲದೆ ಯಾರ ಹೆಸರಿಗೂ ನೋಟಿಸು ಹೋಗುವುದಿಲ್ಲ. ಫ್ರಾನ್ಸಿನಲ್ಲಿ ಈ ಲೆಕ್ಕವೆಲ್ಲ ಚರ್ಚಿನ ಪಾದ್ರಿಗಳ ಕೈಯಲ್ಲಿತ್ತು. 1792ರ ಸೆಪ್ಟೆಂಬರ್ 20ರ ಕಾನೂನು ಅದನ್ನು ಪುರಸಭೆಗಳಿಗೆ ವರ್ಗಾಯಿಸಿತು. ಆರು ವರ್ಷ ಕಳೆಯುವಷ್ಟರಲ್ಲಿ ಆ ಜನನ ರಿಜಿಸ್ಟರುಗಳೇ ಸೈನ್ಯದ ಪಟ್ಟಿಗೆ ಆಧಾರವಾದವು.

ಹಾಗಾಗಿ ಇವತ್ತಿನ ಮಾತಿನಲ್ಲಿ ರಣರಂಗ ಕಡಿಮೆ, ಕಚೇರಿ ಹೆಚ್ಚು. ಅದರಲ್ಲೂ ಒಂದು ವಿಷಯವನ್ನು ಬಿಡದೆ ಹಿಂಬಾಲಿಸುತ್ತೇನೆ: ವಿನಾಯಿತಿ. ಎಲ್ಲರೂ ಬರಬೇಕು ಎಂದು ಕಾನೂನು ಹೇಳುತ್ತದೆ, ಮರುಸಾಲಿನಲ್ಲೇ ಯಾರು ಬರಬೇಕಾಗಿಲ್ಲ ಎಂದೂ ಹೇಳುತ್ತದೆ. ಒಂದು ಸಮಾಜದಲ್ಲಿ ಯಾರ ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದರು ಎಂದು ತಿಳಿಯಬೇಕಾದರೆ ಆ ಎರಡನೆಯ ಸಾಲನ್ನು ಓದಬೇಕು. ಕಡ್ಡಾಯ ಭರ್ತಿಯ ವಿರುದ್ಧ ಎದ್ದ ದಂಗೆಗಳಲ್ಲಿ ಹೆಚ್ಚಿನವು ಸಾವಿನ ಭಯಕ್ಕಿಂತ ಆ ಸಾಲಿನ ಮೇಲಿನ ಸಿಟ್ಟಿನಿಂದ ಎದ್ದವು ಎಂಬುದು ನನ್ನ ತಿಳಿವಳಿಕೆ.

1793ರ ಫೆಬ್ರವರಿ 24. ಪ್ಯಾರಿಸಿನ ಕ್ರಾಂತಿ ಸರ್ಕಾರ 3 ಲಕ್ಷ ಜನರನ್ನು ಕೇಳಿತು. 18ರಿಂದ 40 ವರ್ಷದ ಅವಿವಾಹಿತರು ಮತ್ತು ಮಕ್ಕಳಿಲ್ಲದ ವಿಧುರರು ಬರಬೇಕು. ಪ್ರತಿ ಊರಿಗೆ ಇಷ್ಟು ತಲೆ ಎಂದು ಹಂಚಿಕೆ. ಸ್ವಯಂಪ್ರೇರಿತರು ಸಾಲದಿದ್ದರೆ ಹೇಗೆ ಆರಿಸಬೇಕೆಂಬುದನ್ನು ಊರಿಗೇ ಬಿಟ್ಟರು. ಆದರೆ ಆಡಳಿತ ಹುದ್ದೆಯಲ್ಲಿದ್ದವರಿಗೆ ವಿನಾಯಿತಿ. ಅಂದರೆ ಹೆಸರು ಬರೆದುಕೊಳ್ಳುವವನು ಹೋಗುವುದಿಲ್ಲ, ಬರೆಸಿಕೊಂಡವನು ಹೋಗುತ್ತಾನೆ. ಪಶ್ಚಿಮದ ವಾಂದೆ ಪ್ರಾಂತ್ಯದ ರೈತರು ಆಗಲೇ ತಮ್ಮ ಪಾದ್ರಿಗಳನ್ನು ಓಡಿಸಿದ್ದಕ್ಕೆ ಕುದಿಯುತ್ತಿದ್ದರು. ಮಾರ್ಚಿನಲ್ಲಿ ಭರ್ತಿಯ ಚೀಟಿ ಎತ್ತಲು ಬಂದ ದಿನವೇ ದಂಗೆ ಎದ್ದರು. ಅದು ಅಂತರ್ಯುದ್ಧವಾಗಿ ಬೆಳೆದು ಇಡೀ ಪ್ರಾಂತ್ಯವನ್ನು ನುಂಗಿತು.

ಅದೇ ವರ್ಷದ ಆಗಸ್ಟ್ 23ರ ಆಜ್ಞೆ ಹೆಚ್ಚು ಪ್ರಸಿದ್ಧ. ಯುವಕರು ಕಾದಾಡಬೇಕು, ಮದುವೆಯಾದವರು ಆಯುಧ ಮಾಡಿ ದವಸ ಸಾಗಿಸಬೇಕು, ಹೆಂಗಸರು ಡೇರೆ ಮತ್ತು ಬಟ್ಟೆ ಹೊಲಿದು ಆಸ್ಪತ್ರೆಗಳಲ್ಲಿ ದುಡಿಯಬೇಕು, ಮಕ್ಕಳು ಹಳೆಯ ಬಟ್ಟೆ ಹರಿದು ಗಾಯಕ್ಕೆ ಕಟ್ಟುವ ಅರಿವೆ ಮಾಡಬೇಕು, ಮುದುಕರು ಊರ ಚೌಕಕ್ಕೆ ಹೋಗಿ ಹುರಿದುಂಬಿಸಬೇಕು. ಇಡೀ ನಾಗರಿಕ ಬದುಕನ್ನು ಯುದ್ಧದ ಕೆಲಸವಾಗಿ ಹಂಚಿದ ಆಧುನಿಕ ಕಾಲದ ಮೊದಲ ದಾಖಲೆ ಇದೇ. ಆದರೆ ಅದು ತುರ್ತಿನ ಆಜ್ಞೆ. ವರ್ಷವರ್ಷವೂ ತಾನಾಗಿ ನಡೆಯುವ ಯಂತ್ರ ಬಂದದ್ದು 1798ರ ಸೆಪ್ಟೆಂಬರ್ 5ರ, ಸೇನಾಪತಿ ಜೋರ್ದಾನ್ ಹೆಸರಿನ ಕಾನೂನಿನಿಂದ. 20ರಿಂದ 25 ವರ್ಷದ ಅವಿವಾಹಿತರನ್ನು ಹುಟ್ಟಿದ ವರ್ಷದ ಪ್ರಕಾರ ಐದು ತಂಡ ಮಾಡಿದರು. ಚಿಕ್ಕವರನ್ನು ಮೊದಲು ಕರೆಯುವುದು, ಸಾಲದಿದ್ದರೆ ಅದಕ್ಕಿಂತ ದೊಡ್ಡವರ ತಂಡ. ನೆಪೋಲಿಯನ್ ಬಳಸಿಕೊಂಡದ್ದು ಈ ಯಂತ್ರವನ್ನೇ.

ಜನ ತಪ್ಪಿಸಿಕೊಂಡದ್ದು ಹೇಗೆ? ಆ ಕಾಲದ ಬಂದೂಕಿಗೆ ಮದ್ದು ತುಂಬಬೇಕಾದರೆ ಕಾಗದದ ತೋಟೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಆದ್ದರಿಂದ ಹುಡುಗರು ಮುಂದಿನ ಹಲ್ಲು ಕೀಳಿಸಿಕೊಂಡರು. ಬಂದೂಕಿನ ಕುದುರೆ ಎಳೆಯುವ ತೋರುಬೆರಳನ್ನು ಕತ್ತರಿಸಿಕೊಂಡರು. ಕಾಡು ಸೇರಿದವರೂ ಉಂಟು, ಅವರ ಮನೆಗಳಲ್ಲಿ ಪೊಲೀಸರು ಠಿಕಾಣಿ ಹೂಡಿ ಮನೆಯವರ ಖರ್ಚಿನಲ್ಲೇ ಉಂಡರು. ಮದುವೆಯಾದವರಿಗೆ ವಿನಾಯಿತಿ ಇದ್ದುದರಿಂದ ಮದುವೆಗಳು ಹೆಚ್ಚಿದವು. ನೆಪೋಲಿಯನ್ ರಷ್ಯಾದಿಂದ ಸೋತು ಬಂದು ಮತ್ತೆ ಜನ ಕೇಳಿದ 1813ರಲ್ಲಿ ಫ್ರಾನ್ಸಿನ ಮದುವೆಗಳ ಸಂಖ್ಯೆ ದಿಢೀರನೆ ಏರಿತು. ಜನಸಂಖ್ಯಾ ಶಾಸ್ತ್ರದವರಿಗೆ ಈ ಏರಿಕೆ ಚೆನ್ನಾಗಿ ಗೊತ್ತು.

ಹಣವಿದ್ದವರಿಗೆ ಇದ್ಯಾವುದೂ ಬೇಕಿರಲಿಲ್ಲ. ತಮ್ಮ ಬದಲಿಗೆ ಇನ್ನೊಬ್ಬನನ್ನು ಕಳಿಸಲು ಕಾನೂನೇ ಅವಕಾಶ ಕೊಟ್ಟಿತ್ತು. 1818ರ ನಂತರ ಪ್ರತಿ ವರ್ಷ ಲಾಟರಿ ನಡೆಯುತ್ತಿತ್ತು. ಇಪ್ಪತ್ತು ತುಂಬಿದ ಹುಡುಗರು ಹೋಬಳಿ ಕೇಂದ್ರಕ್ಕೆ ಹೋಗಿ ಚೀಟಿ ಎತ್ತುವುದು, ಸಣ್ಣ ನಂಬರು ಬಂದವನು ಆರೇಳು ವರ್ಷ ಸೈನ್ಯಕ್ಕೆ, ದೊಡ್ಡ ನಂಬರು ಬಂದವನು ಮನೆಗೆ. ಇದರ ಸುತ್ತ ಒಂದು ವ್ಯಾಪಾರವೇ ಬೆಳೆಯಿತು. ಚೀಟಿ ಎತ್ತುವ ಮೊದಲೇ ಕಂತು ಕಟ್ಟಿಸಿಕೊಂಡು, ಕೆಟ್ಟ ನಂಬರು ಬಂದರೆ ಬದಲಿ ಆಳನ್ನು ಒದಗಿಸುವ ವಿಮಾ ಸಂಘಗಳು ಹುಟ್ಟಿದವು. ಬದಲಿ ಆಳುಗಳೆಲ್ಲ ಬಡವರ ಮಕ್ಕಳು. 1870ರಲ್ಲಿ ಪ್ರಷ್ಯಾದ ಕೈಯಲ್ಲಿ ಸೋತ ಮೇಲೆ, 1872ರ ಕಾನೂನು ಬದಲಿ ಪದ್ಧತಿಯನ್ನು ತೆಗೆದುಹಾಕಿತು. ಆದರೆ ಹಣ ಇನ್ನೊಂದು ಬಾಗಿಲಿನಿಂದ ಒಳಬಂತು. ಓದಿದ ಹುಡುಗ 1,500 ಫ್ರಾಂಕ್ ಕಟ್ಟಿದರೆ ಒಂದೇ ವರ್ಷ ಸೇವೆ, ಉಳಿದವರಿಗೆ ಐದು ವರ್ಷದವರೆಗೆ. ಎಲ್ಲರಿಗೂ ಸಮನಾಗಿ ಎರಡು ವರ್ಷ ಎಂಬ ನಿಯಮ ಬರಲು 1905 ಆಗಬೇಕಾಯಿತು. ಜೋರ್ದಾನ್ ಕಾನೂನಿನಿಂದ ಲೆಕ್ಕ ಹಾಕಿದರೆ 107 ವರ್ಷ.

ಈಗ ಅಮೆರಿಕಕ್ಕೆ ಬನ್ನಿ. ಅಲ್ಲಿನ ಅಂತರ್ಯುದ್ಧದಲ್ಲಿ ಮೊದಲು ಕಡ್ಡಾಯ ಭರ್ತಿ ತಂದದ್ದು ದಕ್ಷಿಣದ ರಾಜ್ಯಗಳು, 1862ರ ಏಪ್ರಿಲ್‌ನಲ್ಲಿ. ಅದೇ ಅಕ್ಟೋಬರಿನಲ್ಲಿ ಒಂದು ವಿನಾಯಿತಿ ಸೇರಿಸಿದರು: ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯ ಗಂಡಸನ್ನು ಬಿಡಲಾಗುವುದು. ಗುಲಾಮರ ಮೇಲೆ ಕಾವಲು ಬೇಕು ಎಂಬುದು ಕಾರಣ. ಗುಲಾಮರೇ ಇಲ್ಲದ ಸಣ್ಣ ರೈತರು, ಅಂದರೆ ದಕ್ಷಿಣದ ಬಿಳಿಯರಲ್ಲಿ ಬಹುಪಾಲು ಜನ, ಇದನ್ನು ಮರೆಯಲಿಲ್ಲ. ಶ್ರೀಮಂತರ ಯುದ್ಧ, ಬಡವರ ಕಾದಾಟ ಎಂಬ ಮಾತು ಆಗ ಎರಡೂ ಕಡೆ ಬಾಯಿಂದ ಬಾಯಿಗೆ ಹರಡಿತು.

ಉತ್ತರದ ಕಾನೂನು ಬಂದದ್ದು 1863ರ ಮಾರ್ಚ್ 3ರಂದು. ಅದರ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲಿ ಮುರಿಯಿತು ಎಂಬುದು ಆ ಕ್ರಮದಲ್ಲೇ ಕಾಣುತ್ತದೆ. ಗಣತಿದಾರರು ಮನೆಮನೆಗೆ ಹೋಗಿ 20ರಿಂದ 45 ವರ್ಷದ ಗಂಡಸರ ಹೆಸರು ಬರೆದುಕೊಂಡರು. ಜನ ಸುಳ್ಳು ಹೆಸರು ಕೊಟ್ಟರು, ಇದ್ದವರನ್ನು ಇಲ್ಲ ಎಂದರು, ಗಣತಿದಾರರನ್ನು ಹೊಡೆದದ್ದೂ ಉಂಟು. ಪ್ರತಿ ಜಿಲ್ಲೆಗೆ ಒಂದು ಕೋಟಾ. ಸ್ವಯಂಪ್ರೇರಿತರಿಂದ ಕೋಟಾ ತುಂಬಿದರೆ ಅಲ್ಲಿ ಚೀಟಿ ಎತ್ತುವುದಿಲ್ಲ. ತುಂಬದಿದ್ದರೆ ಹೆಸರಿನ ಚೀಟಿಗಳನ್ನು ತಿರುಗುವ ಪೀಪಾಯಿಗೆ ಹಾಕಿ ಬಹಿರಂಗವಾಗಿ ಎತ್ತುವುದು. ಹೆಸರು ಬಂದವನಿಗೆ ಮೂರು ದಾರಿ: ಹಾಜರಾಗುವುದು, ಬದಲಿ ಆಳನ್ನು ಕಳಿಸುವುದು, ಇಲ್ಲವೇ ಸರ್ಕಾರಕ್ಕೆ 300 ಡಾಲರ್ ಕಟ್ಟಿ ಆ ಸರದಿಯಿಂದ ಪಾರಾಗುವುದು. 300 ಡಾಲರ್ ಎಂದರೆ ಆಗಿನ ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ.

ಕಾನೂನು ಬರೆದವರ ವಾದ ಹೀಗಿತ್ತು: 300 ಡಾಲರಿನ ದಾರಿ ಇದ್ದರೆ ಬದಲಿ ಆಳಿನ ಬೆಲೆ ಅದಕ್ಕಿಂತ ಮೇಲೇರುವುದಿಲ್ಲ, ಆದ್ದರಿಂದ ಇದು ಮಧ್ಯಮ ವರ್ಗಕ್ಕೆ ಅನುಕೂಲ. ಲೆಕ್ಕದ ದೃಷ್ಟಿಯಿಂದ ವಾದ ಸರಿಯೇ. 1864ರ ಜುಲೈನಲ್ಲಿ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದಾಗ ಬದಲಿ ಆಳುಗಳ ಬೆಲೆ ನಿಜವಾಗಿಯೂ ಮೇಲೆ ಹೋಯಿತು. ಆದರೆ ಬಂದರಿನಲ್ಲಿ ಮೂಟೆ ಹೊರುವ ಐರಿಷ್ ವಲಸೆಗಾರನಿಗೆ ಆ ಅಂಕಿ ಬೇರೆಯೇ ಅರ್ಥ ಕೊಟ್ಟಿತು: ನನ್ನ ಜೀವಕ್ಕೆ ಸರ್ಕಾರ ಕಟ್ಟಿದ ಬೆಲೆ ಇದು. ಮುಂದೆ ಅಧ್ಯಕ್ಷನಾದ ಗ್ರೋವರ್ ಕ್ಲೀವ್‌ಲ್ಯಾಂಡ್ 150 ಡಾಲರಿಗೆ ಬದಲಿ ಆಳನ್ನು ಗೊತ್ತುಮಾಡಿದ್ದ. ಅದು ಕಾನೂನುಬದ್ಧವಾಗಿತ್ತು, ಯಾರೂ ಅಡಗಿಸಿಡುತ್ತಿರಲಿಲ್ಲ.

ನ್ಯೂಯಾರ್ಕಿನಲ್ಲಿ ಮೊದಲ ಚೀಟಿ ಎತ್ತಿದ್ದು 1863ರ ಜುಲೈ 11, ಶನಿವಾರ. ಭಾನುವಾರ ಪತ್ರಿಕೆಗಳಲ್ಲಿ ಹೆಸರುಗಳು ಬಂದವು. ರಜೆಯ ದಿನ, ಜನ ಹೆಂಡದಂಗಡಿಗಳಲ್ಲಿ ಸೇರಿ ಪಟ್ಟಿ ಓದಿದರು, ಮಾತಾಡಿದರು. ಸೋಮವಾರ ಥರ್ಡ್ ಅವೆನ್ಯೂದ ಭರ್ತಿ ಕಚೇರಿಗೆ ಬೆಂಕಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಗುಂಪಿನ ಸಿಟ್ಟು ಸರ್ಕಾರವನ್ನು ಬಿಟ್ಟು ಕಪ್ಪು ಜನರ ಕಡೆ ತಿರುಗಿತು. ಫಿಫ್ತ್ ಅವೆನ್ಯೂದಲ್ಲಿದ್ದ ಕಪ್ಪು ಮಕ್ಕಳ ಅನಾಥಾಶ್ರಮವನ್ನು ಸುಟ್ಟರು. ಒಳಗಿದ್ದ 233 ಮಕ್ಕಳನ್ನು ಸಿಬ್ಬಂದಿ ಹಿಂಬಾಗಿಲಿನಿಂದ ಹೊರಗೆ ಕರೆದೊಯ್ದದ್ದರಿಂದ ಜೀವ ಉಳಿಯಿತು. ಬೀದಿಗಳಲ್ಲಿ ಕಪ್ಪು ಗಂಡಸರನ್ನು ದೀಪದ ಕಂಬಗಳಿಗೆ ನೇಣು ಹಾಕಿದರು. ಗೆಟ್ಟಿಸ್‌ಬರ್ಗ್ ಯುದ್ಧದಿಂದ ಹಿಂದಿರುಗುತ್ತಿದ್ದ ದಳಗಳನ್ನು ಕರೆಸಿ ನಾಲ್ಕನೆಯ ದಿನ ಹತೋಟಿಗೆ ತಂದರು. ಸತ್ತವರು ಸುಮಾರು 120 ಎಂಬುದು ಇತಿಹಾಸಕಾರರ ಅಂದಾಜು. ಸಾವಿರಾರು ಕಪ್ಪು ಜನ ಊರು ಬಿಟ್ಟರು. ವಿನಾಯಿತಿ ಕೊಂಡುಕೊಂಡವರಿಗೆ ತಾಗಬೇಕಾದ ಸಿಟ್ಟು ತಮಗಿಂತ ಕೆಳಗಿದ್ದವರ ಮೇಲೆ ಬಿದ್ದುದನ್ನು ಇಲ್ಲಿ ನೋಡಿ. ಕಡ್ಡಾಯ ಭರ್ತಿ ಒಂದು ನಗರದೊಳಗಿನ ಹಳೆಯ ಬಿರುಕುಗಳನ್ನೆಲ್ಲ ಒಟ್ಟಿಗೆ ತೆರೆಯಬಲ್ಲದು.

ಕೊನೆಯ ಲೆಕ್ಕವನ್ನೂ ಕೇಳಿ. ನಾಲ್ಕು ಸುತ್ತಿನಲ್ಲಿ ಸುಮಾರು 7,76,000 ಹೆಸರುಗಳನ್ನು ಎತ್ತಿದರು. ಅದರಲ್ಲಿ 1,61,000 ಮಂದಿ ಹಾಜರೇ ಆಗಲಿಲ್ಲ. ಸುಮಾರು 87,000 ಮಂದಿ ಹಣ ಕಟ್ಟಿದರು, 74,000 ಮಂದಿ ಬದಲಿ ಆಳು ಕಳಿಸಿದರು. ತಾವೇ ಸೈನ್ಯ ಸೇರಿದವರು ಬರಿಯ 46,000. ಉಳಿದವರನ್ನು ಕಾಯಿಲೆ, ಕುಟುಂಬ ಮುಂತಾದ ಕಾರಣಕ್ಕೆ ಬಿಟ್ಟರು. ಹಾಗಾದರೆ ಕಾನೂನು ವ್ಯರ್ಥವಾಯಿತೇ? ಆಗಲಿಲ್ಲ. ತಮ್ಮೂರಿಗೆ ಚೀಟಿ ಬರಬಾರದೆಂದು ಪುರಸಭೆಗಳು ಸಾಲ ಎತ್ತಿ ಸ್ವಯಂಪ್ರೇರಿತರಿಗೆ ಬಹುಮಾನದ ಹಣ ಕೊಟ್ಟು ಕೋಟಾ ತುಂಬಿಸಿದವು. ಅದರಿಂದ ಇನ್ನೊಂದು ಪೀಡೆ ಹುಟ್ಟಿತು: ಒಂದೂರಲ್ಲಿ ಹಣ ತೆಗೆದುಕೊಂಡು ಓಡಿಹೋಗಿ, ಇನ್ನೊಂದೂರಲ್ಲಿ ಬೇರೆ ಹೆಸರಿನಿಂದ ಮತ್ತೆ ಸೇರುವವರ ಗುಂಪುಗಳು.

ಬ್ರಿಟನ್ ಮೊದಲ ಮಹಾಯುದ್ಧದ ಮಧ್ಯದವರೆಗೂ ಕಡ್ಡಾಯ ಭರ್ತಿ ತಂದಿರಲಿಲ್ಲ. 1916ರ ಜನವರಿ 27ರಂದು ಕಾನೂನು ಅಂಗೀಕಾರವಾಯಿತು. 18ರಿಂದ 41 ವರ್ಷದ ಅವಿವಾಹಿತರೆಲ್ಲ ಮಾರ್ಚ್ 2ರಿಂದ ಸೈನ್ಯ ಸೇರಿದವರೆಂದೇ ಲೆಕ್ಕ. ಮೇ ತಿಂಗಳಲ್ಲಿ ಮದುವೆಯಾದವರಿಗೂ ವಿಸ್ತರಿಸಿದರು. ಇಲ್ಲಿ ಹಣ ಕಟ್ಟುವ ದಾರಿ ಇರಲಿಲ್ಲ. ಅದರ ಬದಲು ಅರ್ಜಿ ಇತ್ತು. ನಾಲ್ಕು ಬಗೆಯ ಕಾರಣ: ದೇಶಕ್ಕೆ ಅಗತ್ಯವಾದ ಕೆಲಸ, ಮನೆ ಅಥವಾ ವ್ಯಾಪಾರಕ್ಕೆ ತೀವ್ರ ಕಷ್ಟ, ಅನಾರೋಗ್ಯ, ಮತ್ತು ಆತ್ಮಸಾಕ್ಷಿ. ಅರ್ಜಿ ವಿಚಾರಿಸಲು ಊರೂರಿಗೆ ಟ್ರಿಬ್ಯುನಲ್, ಒಟ್ಟು ಸುಮಾರು 2,000. ಜೂನ್ ಕೊನೆಯೊಳಗೆ ಏಳೂವರೆ ಲಕ್ಷದಷ್ಟು ಅರ್ಜಿಗಳು ಬಂದವು. ಆ ಅವಧಿಯಲ್ಲಿ ಸೈನ್ಯ ಸೇರಿದವರೂ ಹೆಚ್ಚುಕಡಿಮೆ ಅಷ್ಟೇ.

ಟ್ರಿಬ್ಯುನಲ್ಲಿನಲ್ಲಿ ಕೂರುತ್ತಿದ್ದವರು ಸ್ಥಳೀಯ ಕೌನ್ಸಿಲ್ ಸದಸ್ಯರು, ವರ್ತಕರು, ಜಮೀನುದಾರರು. ಜೊತೆಗೆ ಸೈನ್ಯದ ಪ್ರತಿನಿಧಿ ಇರುತ್ತಿದ್ದ. ಅವನು ಅರ್ಜಿದಾರನನ್ನು ಸವಾಲು ಹಾಕಿ ಪ್ರಶ್ನಿಸಬಹುದಿತ್ತು, ತೀರ್ಪು ಹಿಡಿಸದಿದ್ದರೆ ಮೇಲ್ಮನವಿ ಹೋಗಬಹುದಿತ್ತು. ಒಂದೊಂದು ಅರ್ಜಿಗೆ ಕೆಲವೇ ನಿಮಿಷ. ಊರಿಗೆ ಉಳಿದ ಒಬ್ಬನೇ ಬೇಕರಿಯವನು ಹೋದರೆ ರೊಟ್ಟಿ ಯಾರು ಸುಡಬೇಕು? ನಾಲ್ಕು ಮಕ್ಕಳಲ್ಲಿ ಮೂವರು ಹೋಗಿರುವ ವಿಧವೆಯ ಕೊನೆಯ ಮಗನನ್ನು ಬಿಡಬೇಕೇ? ಇಂಥ ಪ್ರಶ್ನೆಗಳಿಗೆ ಅವರು ಹೆಚ್ಚಾಗಿ ತಾತ್ಕಾಲಿಕ ವಿನಾಯಿತಿ ಕೊಟ್ಟರು: ಎರಡು ತಿಂಗಳು, ಮೂರು ತಿಂಗಳು, ಅಷ್ಟರಲ್ಲಿ ಬೇರೆ ವ್ಯವಸ್ಥೆ ಮಾಡಿಕೊ. ನೆರೆಯವನು ನೆರೆಯವನ ಮಗನ ಹಣೆಬರಹ ತೀರ್ಮಾನಿಸಿದ್ದು ಊರುಗಳಲ್ಲಿ ಯುದ್ಧ ಮುಗಿದ ಮೇಲೂ ಕಹಿಯಾಗಿ ಉಳಿಯಿತು. 1921ರಲ್ಲಿ ಸರ್ಕಾರ ಈ ಕಡತಗಳನ್ನು ನಾಶಮಾಡಲು ಹೇಳಿತು. ಇಂಗ್ಲೆಂಡಿನಲ್ಲಿ ಮಿಡಲ್‌ಸೆಕ್ಸಿನದು, ಸ್ಕಾಟ್‌ಲೆಂಡಿನಲ್ಲಿ ಲೋಥಿಯನ್ ಮತ್ತು ಪೀಬಲ್ಸ್‌ನದು, ಇವನ್ನು ಮಾದರಿಯಾಗಿ ಉಳಿಸಿಕೊಂಡರು.

ಆತ್ಮಸಾಕ್ಷಿಯ ಕಾರಣ ಕೊಟ್ಟವರು ಸುಮಾರು 16,000. ಸಂಖ್ಯೆ ಸಣ್ಣದು, ಪರಿಣಾಮ ದೊಡ್ಡದು. ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಸಮಾಜವಾದಿಗಳು, ಯಾವ ಸರ್ಕಾರಕ್ಕೂ ಕೊಲ್ಲುವ ಆಜ್ಞೆ ಕೊಡುವ ಹಕ್ಕಿಲ್ಲ ಎಂದವರು. ಜರ್ಮನ್ ಸೈನಿಕ ನಿನ್ನ ತಂಗಿಯ ಮೇಲೆ ಬಿದ್ದರೆ ಏನು ಮಾಡುತ್ತೀಯ ಎಂಬುದು ಟ್ರಿಬ್ಯುನಲ್ಲುಗಳ ಸವೆದ ಪ್ರಶ್ನೆಯಾಗಿತ್ತು. ಕೆಲವರಿಗೆ ಆಯುಧವಿಲ್ಲದ ದಳದಲ್ಲಿ ಕೆಲಸ, ಕೆಲವರಿಗೆ ಆಂಬುಲೆನ್ಸ್ ಸೇವೆ. ಅದಕ್ಕೂ ಒಪ್ಪದವರನ್ನು ಸೈನಿಕರೆಂದೇ ಪರಿಗಣಿಸಿ, ಆಜ್ಞೆ ಮೀರಿದ ಅಪರಾಧಕ್ಕೆ ಸೇನಾ ನ್ಯಾಯಾಲಯಕ್ಕೆ ಒಯ್ದರು. ಶಿಕ್ಷೆ ಮುಗಿಸಿ ಹೊರಬಂದೊಡನೆ ಮತ್ತೆ ಸಮವಸ್ತ್ರ ಕೊಡುವುದು, ನಿರಾಕರಿಸಿದರೆ ಮತ್ತೆ ಜೈಲು. 1916ರ ಜೂನ್‌ನಲ್ಲಿ ಫ್ರಾನ್ಸಿಗೆ ಸಾಗಿಸಿದ 35 ಮಂದಿಗೆ ಮರಣದಂಡನೆ ವಿಧಿಸಿ, ಅದೇ ಉಸಿರಿನಲ್ಲಿ ಹತ್ತು ವರ್ಷದ ಕಠಿಣ ಸಜೆಗೆ ಇಳಿಸಿದರು. 1918ರಲ್ಲಿ ಬ್ರಿಟನ್ ಗಂಡಸರೆಲ್ಲರಿಗೆ ಮತದಾನದ ಹಕ್ಕು ಕೊಟ್ಟಾಗ ಈ ನಿರಾಕರಣೆಯವರ ಹಕ್ಕನ್ನು ಐದು ವರ್ಷ ತಡೆಹಿಡಿದರು. ಸೈನ್ಯದ ಸೇವೆಯೇ ಪೌರತ್ವದ ಅಳತೆಗೋಲಾದ ಪರಿ ಇದು. ಇದು ಹಳೆಯ ಕಥೆ ಎಂದುಕೊಳ್ಳಬೇಡಿ. ದಕ್ಷಿಣ ಕೊರಿಯದಲ್ಲಿ ಪರ್ಯಾಯ ಸೇವೆ ಇರಲೇಬೇಕು ಎಂದು ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2018ರಲ್ಲಿ. ಅಲ್ಲಿಯವರೆಗೆ ನಿರಾಕರಿಸಿದವರಿಗೆ ಜೈಲು. 2020ರಿಂದ ಅವರು 36 ತಿಂಗಳು ದುಡಿಯಬೇಕು, ಅದೂ ಜೈಲುಗಳೊಳಗಿನ ಕೆಲಸಗಳಲ್ಲಿ.

ಐರ್ಲೆಂಡನ್ನು 1916ರಲ್ಲಿ ಹೊರಗಿಟ್ಟಿದ್ದರು. 1918ರ ಏಪ್ರಿಲ್‌ನಲ್ಲಿ ಅದನ್ನೂ ಸೇರಿಸುವ ಕಾನೂನು ಮಾಡಿದರು. ಬಿಷಪ್ಪರು, ಕಾರ್ಮಿಕ ಸಂಘಗಳು, ಒಬ್ಬರ ಮುಖ ಒಬ್ಬರು ನೋಡದ ರಾಜಕೀಯ ಪಕ್ಷಗಳು ಒಂದಾದವು. ಏಪ್ರಿಲ್ 23ರಂದು ಸಾರ್ವತ್ರಿಕ ಮುಷ್ಕರ. ಕೊನೆಗೆ ಒಬ್ಬನೇ ಒಬ್ಬನನ್ನೂ ಆ ಕಾನೂನಿನಡಿ ಕರೆಯಲಾಗಲಿಲ್ಲ. ಡಿಸೆಂಬರಿನ ಚುನಾವಣೆಯಲ್ಲಿ, ಬ್ರಿಟನ್ನಿನಿಂದ ಸ್ವಾತಂತ್ರ್ಯ ಬೇಕೆನ್ನುತ್ತಿದ್ದ ಷಿನ್ ಫೇನ್ ಪಕ್ಷ ಐರ್ಲೆಂಡಿನ 105ರಲ್ಲಿ 73 ಸ್ಥಾನ ಗೆದ್ದಿತು. ಬಳಸದೇ ಹೋದ ಕಾನೂನೊಂದು ಒಂದು ದೇಶವನ್ನು ಇನ್ನೊಂದರಿಂದ ಬೇರ್ಪಡಿಸಲು ಇಷ್ಟು ನೆರವಾದದ್ದು ಅಪರೂಪ.

ನೀವು ಕೇಳಬಹುದು, ಆಗ ಭಾರತದಲ್ಲಿ? ಕಾಗದದ ಮೇಲೆ ಭಾರತೀಯರಿಗೆ ಕಡ್ಡಾಯ ಭರ್ತಿ ಇರಲಿಲ್ಲ. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾನೂನು ಕಡ್ಡಾಯ ಮಾಡಿದ್ದು ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ. ಪ್ಯಾಲೆಸ್ಟೈನಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕೂಡ ಸಂಸ್ಥಾನದ ಸಂಬಳದ ಪಡೆ. ಆದರೆ ಪಂಜಾಬಿನ ಕಥೆ ಬೇರೆ. ಯುದ್ಧದ ವರ್ಷಗಳಲ್ಲಿ ಭಾರತದಲ್ಲಿ ಭರ್ತಿಯಾದ ಸುಮಾರು 6.8 ಲಕ್ಷ ಕಾದಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಒಂದೇ ಪ್ರಾಂತ್ಯದವರು. ಬ್ರಿಟಿಷ್ ಭಾರತದ ಜನಸಂಖ್ಯೆಯಲ್ಲಿ ಅದರ ಪಾಲು ಹತ್ತರಲ್ಲೊಂದೂ ಇರಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಕಾಲದಲ್ಲಿ ಜಿಲ್ಲೆಗೆ ಇಷ್ಟು, ತಹಸೀಲಿಗೆ ಇಷ್ಟು ಎಂದು ಗುರಿ ಇಳಿದುಬಂತು. ಕೊನೆಗೆ ಅದು ಬಿದ್ದದ್ದು ಲಂಬರ್ದಾರರ ಮೇಲೆ. ಅವರು ನಮ್ಮ ಕಡೆಯ ಪಟೇಲರಂತೆ ಕಂದಾಯ ವಸೂಲಿಯ ಹೊಣೆಯವರು. ಆಳು ಒದಗಿಸಿದವರಿಗೆ ಬಿರುದು, ಕಾಲುವೆ ವಸಾಹತಿನಲ್ಲಿ ಜಮೀನು. ಒದಗಿಸದಿದ್ದರೆ ಹುದ್ದೆಗೇ ಕುತ್ತು. ಒಪ್ಪದ ಹಳ್ಳಿಗರ ಮೇಲೆ ಸನ್ನಡತೆಯ ಜಾಮೀನು ಕೇಳುವ ಕಲಮುಗಳನ್ನು ಬಳಸಿದರೆಂಬ ಸಾಕ್ಷ್ಯಗಳು ಗಾಂಧೀಜಿ ಇದ್ದ ಕಾಂಗ್ರೆಸ್ ವಿಚಾರಣಾ ಸಮಿತಿಯ 1920ರ ವರದಿಯಲ್ಲಿವೆ. ಜಲಿಯನ್‌ವಾಲಾ ಬಾಗಿನ ಹಿಂದಿನ ಪಂಜಾಬಿನ ಕುದಿತಕ್ಕೆ ಈ ಭರ್ತಿಯೂ ಒಂದು ಕಾರಣ. ಕಾನೂನಿಲ್ಲದ ಕಡ್ಡಾಯದಲ್ಲಿ ಇನ್ನೊಂದು ಕೇಡಿದೆ, ಗಮನಿಸಿ: ಅರ್ಜಿ ಹಾಕಲು ಟ್ರಿಬ್ಯುನಲ್ಲೂ ಇರುವುದಿಲ್ಲ.

ಮತ್ತೆ ಅಮೆರಿಕಕ್ಕೆ. 1863ರ ಪಾಠ ಕಲಿತ ಅವರು 1917ರಲ್ಲಿ ಹಣವನ್ನೂ ಬದಲಿ ಆಳನ್ನೂ ನಿಷೇಧಿಸಿದರು. ಗಣತಿದಾರರು ಮನೆಗೆ ಹೋಗಿ ಹೆಸರು ಬರೆಯುವ ಬದಲು, ಜನರೇ ತಮ್ಮ ಮತಗಟ್ಟೆಗೆ ಬಂದು ಬರೆಸಬೇಕು. ಆಯ್ಕೆ ಮಾಡುವುದು ಊರಿನವರದೇ ಮಂಡಳಿ. 1940ರ ನಂತರವೂ ಇದೇ ಚೌಕಟ್ಟು. ಎರಡನೆಯ ಮಹಾಯುದ್ಧದಲ್ಲಿ ಒಂದು ಕೋಟಿ ಜನರನ್ನು ಹೀಗೆ ಕರೆದರು, ದೊಡ್ಡ ಪ್ರತಿರೋಧ ಬರಲಿಲ್ಲ. ಹೆಚ್ಚುಕಡಿಮೆ ಎಲ್ಲ ಮನೆಯಿಂದಲೂ ಹೋಗುತ್ತಿದ್ದುದು ಅದಕ್ಕೆ ಮುಖ್ಯ ಕಾರಣ.

ವಿಯೆಟ್ನಾಂ ಹೊತ್ತಿಗೆ ಲೆಕ್ಕ ಬದಲಾಗಿತ್ತು. ವಯಸ್ಸಿಗೆ ಬಂದ ಸುಮಾರು 2.7 ಕೋಟಿ ಯುವಕರಲ್ಲಿ ಕಡ್ಡಾಯವಾಗಿ ಕರೆಯಬೇಕಾದ್ದು 22 ಲಕ್ಷ ಮಾತ್ರ. ಹೀಗೆ ಬೇಕಾದವರು ಕಡಿಮೆ, ಇರುವವರು ಹೆಚ್ಚು ಎಂದಾದಾಗ ವಿನಾಯಿತಿಯೇ ಪದ್ಧತಿಯ ಮುಖ್ಯ ಕೆಲಸವಾಗುತ್ತದೆ. ಕಾಲೇಜಿನಲ್ಲಿದ್ದವನಿಗೆ ಮುಂದೂಡಿಕೆ, ಎಂಜಿನಿಯರಿಗೆ, ಕೆಲವು ಕಡೆ ಶಿಕ್ಷಕನಿಗೆ ಮುಂದೂಡಿಕೆ. 1965ರ ಒಂದು ಇಲಾಖಾ ಟಿಪ್ಪಣಿ ಇದನ್ನು ಬಿಚ್ಚಿ ಹೇಳಿತು: ಸೈನ್ಯಕ್ಕೆ ಕರೆಯುವ ಭಯವನ್ನು ಬಳಸಿ ಯುವಕರನ್ನು ದೇಶಕ್ಕೆ ಬೇಕಾದ ಉದ್ಯೋಗಗಳ ಕಡೆ ಹರಿಸುವುದೂ ನಮ್ಮ ಕೆಲಸ. ಫ್ರಾನ್ಸಿನ ಮದುವೆಗಳೂ ಇಲ್ಲಿ ಮರುಕಳಿಸಿದವು. 1965ರ ಆಗಸ್ಟ್ 26ರ ಮಧ್ಯರಾತ್ರಿಯ ನಂತರ ಮದುವೆಯಾದವರಿಗೆ ರಿಯಾಯಿತಿ ಇಲ್ಲ ಎಂದು ಅಧ್ಯಕ್ಷ ಜಾನ್ಸನ್ ಆಜ್ಞೆ ಹೊರಡಿಸಿದ ದಿನ, ಜೋಡಿಗಳು ಕೂಡಲೇ ಮದುವೆಯಾಗಲು ಲಾಸ್ ವೇಗಸ್‌ಗೆ ಓಡಿದವು. ಇತ್ತ ಸೈನ್ಯದ ಅರ್ಹತಾ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದು ಹಿಂದೆ ತಿರಸ್ಕೃತರಾಗಿದ್ದವರನ್ನು 1966ರಿಂದ ವಿಶೇಷ ಯೋಜನೆಯಡಿ ತೆಗೆದುಕೊಂಡರು, ಸುಮಾರು ಮೂರೂವರೆ ಲಕ್ಷ ಮಂದಿ. ಅವರಲ್ಲಿ ಬಡವರು, ಕಪ್ಪು ಜನ ಬಹಳ. ಊರಿನ ಮಂಡಳಿಗಳ ಸದಸ್ಯರಲ್ಲಿ ಕಪ್ಪು ಜನರ ಪಾಲು ಆಗ ಶೇ 1.3.

ಈ ಅನ್ಯಾಯಕ್ಕೆ ಮದ್ದೆಂದು 1969ರ ಡಿಸೆಂಬರ್ 1ರ ಲಾಟರಿ ಬಂತು. 1944ರಿಂದ 1950ರವರೆಗೆ ಹುಟ್ಟಿದವರಿಗೆಲ್ಲ ಒಂದೇ ಸಲ. ವರ್ಷದ 366 ತಾರೀಖುಗಳನ್ನು ಚೀಟಿಯಲ್ಲಿ ಬರೆದು ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗಳಲ್ಲಿಟ್ಟು ಗಾಜಿನ ಜಾಡಿಯಿಂದ ಒಂದೊಂದಾಗಿ ಎತ್ತಿದರು, ಟಿವಿಯಲ್ಲಿ ನೇರ ಪ್ರಸಾರ. ಮೊದಲು ಬಂದ ತಾರೀಖು ಸೆಪ್ಟೆಂಬರ್ 14, ಕೊನೆಯದು ಜೂನ್ 8. ಎತ್ತಿದ ಕ್ರಮವೇ ಆ ತಾರೀಖಿನ ನಂಬರು. ಆ ಲಾಟರಿಯಿಂದ 195ನೆಯ ನಂಬರಿನವರೆಗೆ ಕರೆದರು.

ಇಲ್ಲೊಂದು ತಾಂತ್ರಿಕ ತಪ್ಪು ನಡೆಯಿತು, ಅದನ್ನು ಬಿಡಿಸಿ ಹೇಳಲೇಬೇಕು. ಜನವರಿಯ ಕ್ಯಾಪ್ಸೂಲ್‌ಗಳನ್ನು ಮೊದಲು ಮರದ ಪೆಟ್ಟಿಗೆಗೆ ಹಾಕಿದರು. ಆಮೇಲೆ ಫೆಬ್ರವರಿ ಸುರಿದು ಎರಡನ್ನೂ ಬೆರೆಸಿದರು, ಆಮೇಲೆ ಮಾರ್ಚ್. ಹೀಗೆ ಜನವರಿಯ ತಾರೀಖುಗಳು ಹನ್ನೊಂದು ಸಲ ಬೆರೆತವು, ಡಿಸೆಂಬರಿನವು ಒಂದೇ ಸಲ. ಪೆಟ್ಟಿಗೆಯನ್ನು ನಾಲ್ಕಾರು ಸಲ ಅಲ್ಲಾಡಿಸಿ ಜಾಡಿಗೆ ಸುರಿದರು. ಎತ್ತುವವರು ಹೆಚ್ಚಾಗಿ ಮೇಲಿನಿಂದಲೇ ಎತ್ತಿದರು. ಮನೆಯಲ್ಲಿ ಹೌಸಿ ಆಡುವಾಗ ಚೀಲವನ್ನು ಸರಿಯಾಗಿ ಕುಲುಕದಿದ್ದರೆ ಕೊನೆಗೆ ಹಾಕಿದ ನಂಬರುಗಳೇ ಮೊದಲು ಬರುತ್ತವಲ್ಲ, ಅದೇ ಆಯಿತು. ಸರಿಯಾಗಿ ಬೆರೆತಿದ್ದರೆ ಪ್ರತಿ ತಿಂಗಳ ಸರಾಸರಿ ನಂಬರು 183ರ ಆಸುಪಾಸು ಇರಬೇಕು. ಜನವರಿಯದು 201, ಡಿಸೆಂಬರಿನದು 121. ಡಿಸೆಂಬರಿನ 31 ದಿನಗಳಲ್ಲಿ 195 ದಾಟಿ ಬಚಾವಾದವು ಐದು ದಿನ, ನ್ಯಾಯವಾಗಿ ಹದಿನಾಲ್ಕರಷ್ಟು ಆಗಬೇಕಿತ್ತು. ಸಂಖ್ಯಾಶಾಸ್ತ್ರಜ್ಞರು ಇದನ್ನು ಬೇಗನೆ ಹಿಡಿದರು. 1970ರ ಜುಲೈನ ಲಾಟರಿಯಲ್ಲಿ ತಾರೀಖುಗಳಿಗೆ ಒಂದು ಡ್ರಮ್, ನಂಬರುಗಳಿಗೆ ಇನ್ನೊಂದು ಡ್ರಮ್ ಇಟ್ಟು, ಎರಡರಿಂದಲೂ ಒಂದೊಂದು ಎತ್ತಿ ಜೋಡಿ ಮಾಡಿದರು. ಆಗ ದೋಷ ಹೋಯಿತು. ಮೊದಲ ಲಾಟರಿಯನ್ನು ಮಾತ್ರ ರದ್ದುಮಾಡಲಿಲ್ಲ. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರು ಹೋದರು.

ಪದ್ಧತಿ ಕುಸಿದದ್ದು ಬೀದಿಯಲ್ಲಿ ಎಷ್ಟೋ ನ್ಯಾಯಾಲಯದಲ್ಲೂ ಅಷ್ಟೇ. ಸುಮಾರು 2,10,000 ಮಂದಿಯ ಮೇಲೆ ದೂರು ದಾಖಲಾಯಿತು, ಶಿಕ್ಷೆಯಾದದ್ದು 8,750 ಮಂದಿಗೆ. ಅಷ್ಟು ಮೊಕದ್ದಮೆಗಳನ್ನು ನಡೆಸುವ ಶಕ್ತಿ ಯಾವ ನ್ಯಾಯಾಂಗಕ್ಕೂ ಇರುವುದಿಲ್ಲ. ಜನ ಮನಸ್ಸಿನಲ್ಲಿ ಒಪ್ಪಿದಷ್ಟು ದಿನ ಮಾತ್ರ ಕಡ್ಡಾಯ ನಡೆಯುತ್ತದೆ. ಮುಹಮ್ಮದ್ ಅಲಿ 1967ರಲ್ಲಿ ನಿರಾಕರಿಸಿ ಬಾಕ್ಸಿಂಗಿನ ಪಟ್ಟ ಕಳೆದುಕೊಂಡರು, 1971ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. ಸಾಯಲು ಹದಿನೆಂಟು ಸಾಕು, ಮತ ಹಾಕಲು ಸಾಲದೇ ಎಂಬ ಪ್ರಶ್ನೆ ಅದೇ ವರ್ಷ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. 1973ರ ಜನವರಿ 27ರಂದು ಕಡ್ಡಾಯ ಭರ್ತಿ ನಿಂತಿತು. ಆ ಲಾಟರಿ ಸಂಶೋಧಕರಿಗೂ ಒಂದು ದಾರಿ ಕೊಟ್ಟಿತು. ಹುಟ್ಟಿದ ತಾರೀಖು ಬಿಟ್ಟರೆ ಬೇರಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪು ಸಿಕ್ಕಿದವಲ್ಲ. ಅರ್ಥಶಾಸ್ತ್ರಜ್ಞ ಜೋಷುವಾ ಆಂಗ್ರಿಸ್ಟ್ ಆ ನಂಬರುಗಳನ್ನು ಸಾಮಾಜಿಕ ಭದ್ರತಾ ಇಲಾಖೆಯ ಗಳಿಕೆಯ ದಾಖಲೆಗಳೊಂದಿಗೆ ಹೋಲಿಸಿ, ಸೈನ್ಯಕ್ಕೆ ಹೋಗಿಬಂದ ಬಿಳಿಯರ ಗಳಿಕೆ 1980ರ ದಶಕದ ಆರಂಭದಲ್ಲೂ ಸುಮಾರು ಶೇ 15 ಕಡಿಮೆ ಇತ್ತೆಂದು 1990ರಲ್ಲಿ ತೋರಿಸಿದರು. ಯುದ್ಧದಿಂದ ಬದುಕಿ ಬಂದವರೂ ಹತ್ತು ಹದಿನೈದು ವರ್ಷ ಅದರ ಬೆಲೆ ಕಟ್ಟುತ್ತಿದ್ದರು.

ಇವತ್ತು ಇದು ನಮ್ಮ ಮನೆಗಳಿಗೂ ತಾಗುತ್ತದೆ. ಅಮೆರಿಕದಲ್ಲಿ ಈಗ ಯಾರನ್ನೂ ಕರೆಯುತ್ತಿಲ್ಲ, ಆದರೆ ಪಟ್ಟಿ ಜೀವಂತವಿದೆ. 18ರಿಂದ 25 ವರ್ಷದ ಗಂಡುಮಕ್ಕಳು, ನಾಗರಿಕರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇರುವವರೂ ಅದರಲ್ಲಿರಬೇಕು. ಅವಲಂಬಿತ ವೀಸಾದಲ್ಲಿರುವ ಹುಡುಗನಿಗೆ ಇದು ಅನ್ವಯಿಸದು, 26ರೊಳಗೆ ಗ್ರೀನ್ ಕಾರ್ಡ್ ಬಂದರೆ ಅನ್ವಯಿಸುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಪೌರತ್ವದ ಅರ್ಜಿಯಲ್ಲಿ, ಸರ್ಕಾರಿ ಕೆಲಸದಲ್ಲಿ ತೊಡಕು. ಸಿಂಗಪುರದಲ್ಲಿ 1967ರಿಂದ ಕಡ್ಡಾಯ ಸೇವೆ ಇದೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗ ತಂದೆತಾಯಿಯ ಮೂಲಕ ಕಾಯಂ ನಿವಾಸಿಯಾದರೆ ಪೂರ್ಣಾವಧಿ ಎರಡು ವರ್ಷ ದುಡಿಯಬೇಕು, ಆಮೇಲೂ ವರ್ಷವರ್ಷ ಕರೆ ಬರುತ್ತದೆ. 13 ದಾಟಿದ ಹುಡುಗ ದೀರ್ಘಕಾಲ ಹೊರದೇಶದಲ್ಲಿರಲು ಅನುಮತಿ ಬೇಕು. ಮಗನಿಗೆ ಕಾಯಂ ನಿವಾಸದ ಅರ್ಜಿ ಹಾಕುವ ಮೊದಲು ತಂದೆತಾಯಿ ಇದನ್ನು ಕೂತು ಯೋಚಿಸಬೇಕು.

ನಮ್ಮ ಸಂವಿಧಾನ ಏನು ಹೇಳುತ್ತದೆ ಎಂದು ತಿಳಿದಿರುವುದು ಒಳ್ಳೆಯದು. 23ನೆಯ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಅದರ ಎರಡನೆಯ ಖಂಡ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಹಾಗೆ ವಿಧಿಸುವಾಗ ಕೇವಲ ಧರ್ಮ, ಮೂಲವಂಶ, ಜಾತಿ ಅಥವಾ ವರ್ಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು. ಈ ಪಟ್ಟಿಯಲ್ಲಿ ಲಿಂಗ ಇಲ್ಲ, ಆದ್ದರಿಂದ ಗಂಡಸರನ್ನಷ್ಟೇ ಕರೆಯುವ ಕಾನೂನಿಗೆ ಈ ಖಂಡ ಅಡ್ಡಬರುವುದಿಲ್ಲ. ವರ್ಗ ಇದೆ, ಆದ್ದರಿಂದ 300 ಡಾಲರಿನಂಥ ವಿನಾಯಿತಿ ನಮ್ಮಲ್ಲಿ ನಿಲ್ಲುವುದು ಕಷ್ಟ. ಆದರೆ ಕಾಲೇಜಿನಲ್ಲಿ ಓದುವವರಿಗೆ ಮುಂದೂಡಿಕೆ ಕೊಟ್ಟರೆ? ಅದು ಓದಿನ ಆಧಾರವೋ, ಮರೆಯಲ್ಲಿ ನಿಂತ ವರ್ಗದ ಆಧಾರವೋ? ಅಂಥ ಕಾನೂನೇ ಇಲ್ಲಿ ಬಂದಿಲ್ಲವಾದ್ದರಿಂದ ಯಾವ ನ್ಯಾಯಾಲಯವೂ ಇದನ್ನು ತೀರ್ಮಾನಿಸಬೇಕಾಗಿ ಬಂದಿಲ್ಲ.